ಗಿರಣಿ ಮೇಲಿನ ಕುರ್ಚಿ

ಆ ಊರಿನ ಟೀವಿ ಕೇಂದ್ರವಿದ್ದದ್ದು ಹಿಟ್ಟಿನ ಗಿರಣಿಯ ಮೇಲಿನ ಮೂರು ಕೋಣೆಗಳಲ್ಲಿ. ಕೆಳಗೆ ಗಿರಣಿ ತಿರುಗಿದರೆ ಮೇಲೆ ವಾರ್ತೆ ಓದುವವನ ಗಲ್ಲ ನಡುಗುತ್ತಿತ್ತು. ಹೀಗಾಗಿ ಹಸು ಕರು ಹಾಕಿದ ಸುದ್ದಿಯೂ ಊರಿನವರಿಗೆ ಗಂಡಾಂತರದ ಸುದ್ದಿಯಂತೆಯೇ ಕೇಳಿಸುತ್ತಿತ್ತು. ನೆಲದ ಹಲಗೆಗಳ ಸಂದಿಯಿಂದ ಹಿಟ್ಟಿನ ಧೂಳು ಏರಿ ಬಂದು ಮೇಜು, ತಂತಿ, ಹುಬ್ಬು ಎಲ್ಲದರ ಮೇಲೂ ತೆಳ್ಳಗೆ ಕೂರುತ್ತಿತ್ತು. ಮೊದಲ ಸಲ ಮೆಟ್ಟಿಲು ಹತ್ತಿ ಬಂದವರು, ಒಳಗೆ ಕೂತವರು ಬದುಕಿದ್ದಾರೋ ಇಲ್ಲವೋ ಎಂದು ಒಂದು ಗಳಿಗೆ ಬಾಗಿಲಲ್ಲೇ ನಿಲ್ಲುತ್ತಿದ್ದರು.

ಕೇಂದ್ರವನ್ನು ಕಟ್ಟಿದವನು ರೇಡಿಯೋ ರಿಪೇರಿ ಮಾಡುತ್ತಿದ್ದ ಒಬ್ಬ ಎತ್ತರದ ಮನುಷ್ಯ. ಊರೆಲ್ಲ ಅವನನ್ನು ರೇಡಿಯೋ ಅಜ್ಜ ಎನ್ನುತ್ತಿತ್ತು. ಅವನ ಕಾಲದಲ್ಲಿ ಕುರ್ಚಿಯ ಹಿಂದಿನ ಗೋಡೆ ನೀಲಿ. ಅಜ್ಜ ತೀರಿಕೊಂಡ ಮೇಲೆ ಇಟ್ಟಿಗೆ ಭಟ್ಟಿಯವನು ಕೊಂಡ, ಗೋಡೆ ಹಸಿರಾಯಿತು. ಅವನಿಂದ ಡ್ರೈವಿಂಗ್ ಶಾಲೆಯ ಅಮ್ಮ ಕೊಂಡಳು, ಗೋಡೆ ಗುಲಾಬಿಯಾಯಿತು. ಈಗ ಐಸ್ ಕಾರ್ಖಾನೆಯ ಸಾಹುಕಾರರು ಕೊಂಡಿದ್ದರು. ಹಳದಿ ಬಣ್ಣದ ವಾಸನೆ ಇನ್ನೂ ಮೂಗಿಗೆ ಹೊಡೆಯುತ್ತಿತ್ತು. ಗೋಡೆಗೆ ಬಣ್ಣ ಬಳಿಸುವುದು ಪ್ರತಿಯೊಬ್ಬ ಮಾಲೀಕರ ಮೊದಲ ಕೆಲಸ. ಹಿಂದಿನವರ ಮುಖ ಇರುವ ಟೇಪುಗಳನ್ನು ಅಳಿಸಿ ಎನ್ನುವುದು ಎರಡನೆಯ ಕೆಲಸ. ಹೊಸ ಟೇಪು ತರಿಸುವುದು ಮಾತ್ರ ಯಾರ ಕೆಲಸವೂ ಆಗಿರಲಿಲ್ಲ. ಅಳಿಸಿದ್ದರ ಮೇಲೆಯೇ ಬರೆದು, ಬರೆದದ್ದರ ಮೇಲೆಯೇ ಮತ್ತೆ ಬರೆದು, ಆ ಟೇಪುಗಳು ಬಡವರ ಮನೆಯ ಕೌದಿಯ ಹಾಗೆ ತೇಪೆಯ ಮೇಲೆ ತೇಪೆ ಹೊದ್ದು ಮಲಗಿದ್ದವು.

ಯಾವ ಮಾಲೀಕರ ಕೈಯಲ್ಲೂ ಬದಲಾಯಿಸಲು ಆಗದಿದ್ದವು ಎರಡೇ. ಒಂದು, ಅಜ್ಜನ ಮರದ ತಿರುಗುಕುರ್ಚಿ. ಇನ್ನೊಂದು, ಕ್ಯಾಮೆರಾ ನಿಂತಿದ್ದ ಮುಕ್ಕಾಲಿ. ಅದರ ತಿರುಪು ಅಜ್ಜನ ಎತ್ತರಕ್ಕೆ ತುಕ್ಕು ಹಿಡಿದು ಕೂತಿತ್ತು. ಎಣ್ಣೆ ಬಿಟ್ಟರು, ಸುತ್ತಿಗೆಯಿಂದ ಹೊಡೆದರು, ಇಟ್ಟಿಗೆಯವನು ಬೈದೂ ನೋಡಿದ. ಕೂದಲೆಳೆಯಷ್ಟೂ ಇಳಿಯಲಿಲ್ಲ. ಕ್ಯಾಮೆರಾದ ಹಣೆಯ ಮೇಲಿದ್ದ ಸಣ್ಣ ಕೆಂಪು ದೀಪವಂತೂ ಅಜ್ಜನ ಜೊತೆಗೇ ಕಣ್ಣು ಮುಚ್ಚಿತ್ತು. ಈಗ ಯಾರೇ ವಾರ್ತೆ ಓದಲಿ, ಅಜ್ಜನಷ್ಟು ಎತ್ತರ ಆಗಲೇಬೇಕಿತ್ತು.

ನಮ್ಮ ವಾರ್ತೆ ಓದುವವನು ಕುಳ್ಳ. ಹೆಂಡತಿ ಹೊಲಿದುಕೊಟ್ಟ ಹೂವಿನ ಕಸೂತಿಯ ದಿಂಬು ಹಾಕಿಕೊಂಡು ಕೂರುತ್ತಿದ್ದ. ಊರಲ್ಲಿ ಅವನಿಗೆ ಬೇರೆ ಹೆಸರಿಲ್ಲ, 'ವಾರ್ತೆ' ಎಂದೇ ಕರೆಯುವುದು. "ವಾರ್ತೆ ಕ್ಷೌರಕ್ಕೆ ಬಂದಿದೆ", "ವಾರ್ತೆಗೆ ನೆಗಡಿಯಂತೆ". ಪಕ್ಕದ ಹಳ್ಳಿಯಿಂದ ಕಳೆದುಹೋದ ಹಸುವಿನ ಜಾಹೀರಾತು ಕೊಡಲು ಬಂದವನು ಅವನು. ಅಂದು ಓದುವವನು ಬಂದಿರಲಿಲ್ಲ. ಇಟ್ಟಿಗೆಯವನು ಇವನ ಗಂಟಲು ಕೇಳಿ, "ನಿನ್ನ ಹಸುವಿನ ಸುದ್ದಿ ನೀನೇ ಓದು, ಹಾಗೇ ಉಳಿದದ್ದನ್ನೂ ಓದಿಬಿಡು," ಎಂದು ಕೂರಿಸಿದ. ಹಸು ಸಿಕ್ಕಿತು. ಇವನು ಸಿಕ್ಕಿಬಿದ್ದ.

ಇಷ್ಟೇ ಆಗಿದ್ದರೆ ಕತೆಯೇ ಇರುತ್ತಿರಲಿಲ್ಲ. ಆದರೆ ಐಸ್ ಸಾಹುಕಾರರು ಅಧಿಕಾರ ವಹಿಸಿಕೊಂಡ ದಿನ ಚಹಾದ ಲೋಟ ಕೈಯಲ್ಲಿ ಹಿಡಿದು, ಪಕ್ಕದಲ್ಲಿ ತಮ್ಮ ಬಾಮೈದನನ್ನು ನಿಲ್ಲಿಸಿಕೊಂಡು ಕೇಳಿದರು:

"ಇಲ್ಲಿ ಎಲ್ಲರಿಗಿಂತ ಹಳಬರು ಯಾರ್ರೀ?"

ಬಾಮೈದನ ತಲೆಗೂದಲು ಹೊಳೆಯುತ್ತಿತ್ತು. ಜೇಬಿನಲ್ಲಿ ಬಾಚಣಿಗೆ ಇಣುಕುತ್ತಿತ್ತು. ಅವನ ಕಣ್ಣು ಕುರ್ಚಿಯ ಮೇಲಿತ್ತು. ವಾರ್ತೆ ಇದನ್ನು ಗಮನಿಸಿದ. ಮನೆಯಲ್ಲಿ ಹೆಂಡತಿ, ಹೆಂಡತಿಯ ಸೋದರಮಾವ. ಕೈಯಲ್ಲಿ ಬೇರೆ ಕಸುಬಿಲ್ಲ. ನಾಲಿಗೆ ತಾನಾಗಿಯೇ ಹೊರಳಿತು.

"ನಾನೇ ಸಾರ್. ಮೊದಲನೇ ದಿನದಿಂದ ಇದ್ದೀನಿ. ರೇಡಿಯೋ ಅಜ್ಜನೇ ನನ್ನ ಕೈಹಿಡಿದು ಕೂರಿಸಿ, 'ಈ ಕುರ್ಚಿ ಇನ್ನು ನಿಂದೇ' ಅಂದಿದ್ರು."

ಮಾತು ಹೊರಬಿದ್ದ ಮೇಲೆ ಅವನಿಗೇ ಅದು ಚೆನ್ನಾಗಿ ಕಂಡಿತು. ಕಣ್ಣಲ್ಲಿ ನೀರೂ ಬಂತು. ಸಾಹುಕಾರರು ಲೋಟ ಕೆಳಗಿಟ್ಟರು.

"ಹಾಗಾದ್ರೆ ಒಂದು ಕೆಲಸ ಮಾಡಿ. ಕೇಂದ್ರದ ಚರಿತ್ರೆ ಅಂತ ಒಂದು ಕಾರ್ಯಕ್ರಮ ತೆಗೀರಿ. ಅಜ್ಜ ಹೇಳಿದ್ದು ಅದರಲ್ಲಿ ಬರಬೇಕು. ಊರಿನೋರು ಹೌದು ಹೌದು ಅಂದ್ರೆ ಕುರ್ಚಿ ನಿಮ್ಮದೇ. ಅಲ್ಲ ಅಂದ್ರೆ," ಎಂದು ಬಾಮೈದನ ಕಡೆ ನೋಡಿದರು. ಬಾಮೈದ ಬಾಚಣಿಗೆ ತೆಗೆದ. "ಆಮೇಲೆ, ಚರಿತ್ರೆ ಅಂದ್ರೆ ಏನು ಗೊತ್ತಲ್ಲ? ನಾನು ಬರೋವರೆಗೆ ಆಗಿದ್ದು. ಕೊನೇಲಿ ನಾನು ಬರಬೇಕು."

ಚರಿತ್ರೆಗೆ ಮೊದಲು ಬೇಕಾದದ್ದು ಅಜ್ಜನ ಮುಖ. ಅದು ಎಲ್ಲಿಯೂ ಇರಲಿಲ್ಲ. ವಾರ್ತೆ ಗಿರಣಿಯವನನ್ನು ಕೇಳಿದ.

"ದಪ್ಪ ಮೀಸೆ ಕಣಯ್ಯ. ನನ್ನ ಗಲ್ಲಾಪೆಟ್ಟಿಗೆ ಮುಂದೇನೇ ದಿನಾ ಮೆಟ್ಟಿಲು ಹತ್ತೋರು. ನನಗೆ ಗೊತ್ತಿಲ್ವಾ?"

ಎದುರಿನ ಕ್ಷೌರದವನು ಬಾಗಿಲಿಗೆ ಬಂದು, "ಮೀಸೇನಾ? ಅವರ ಮುಖ ನಾನೇ ಅಲ್ವೇನಯ್ಯಾ ನೋಡಿದ್ದು ಈ ಕಡೆಯಿಂದ? ನುಣ್ಣಗೆ, ಮೊಟ್ಟೆ ಹಾಗಿತ್ತು," ಎಂದ.

ಇಬ್ಬರೂ ಬೀದಿಯ ನಡುವೆ ನಿಂತು ಒಬ್ಬರ ಮೀಸೆಯನ್ನು ಒಬ್ಬರು ಹಿಡಿಯುವವರೆಗೆ ಹೋಯಿತು. ವಾರ್ತೆ ಮೆಲ್ಲಗೆ ಜಾರಿಕೊಂಡು, ಗಿರಣಿಯ ಎದುರಿಗಿದ್ದ ಅಜ್ಜನ ಮನೆಗೆ ಹೋದ.

ಅಜ್ಜಿ ಬಾಗಿಲ ಬಳಿ ಕೂತು ಹಳೆಯ ಸ್ವೆಟರ್ ಬಿಚ್ಚಿ ಉಣ್ಣೆಯನ್ನು ಉಂಡೆ ಸುತ್ತುತ್ತಿದ್ದಳು.

"ಫೋಟೋನಾ? ಇಲ್ಲಪ್ಪ. ಊರಿನೋರ ಮುಖವನ್ನೆಲ್ಲ ಊರಿಗೇ ತೋರಿಸಿದ್ರು, ತಮ್ಮದೊಂದು ಫೋಟೋ ತೆಗೆಸೋದು ಮಾತ್ರ ಮರೆತ್ರು," ಎಂದಳು. ಆಮೇಲೆ ಉಂಡೆ ಸುತ್ತುವುದನ್ನು ನಿಲ್ಲಿಸಿ, "ನೀನು ಮೊದಲನೇ ದಿನದಿಂದ ಇದ್ದೆ ಅಂತ ಹೇಳ್ಕೊಂಡು ತಿರುಗ್ತಿದ್ದೀಯಂತೆ. ಹಾಗಾದ್ರೆ ಹೇಳು, ಅವರು ಕುರ್ಚಿ ಮೇಲೆ ಕೂತ ಕೂಡಲೇ ಮೊದಲು ಏನು ಕೇಳೋರು?"

ವಾರ್ತೆ ಗಂಟಲು ಸರಿಮಾಡಿಕೊಂಡ. "ಅದೇ... ನಮಸ್ಕಾರ, ಎಲ್ಲರೂ ಚೆನ್ನಾಗಿದ್ದೀರಾ ಅಂತ."

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ನಿರಾಳವಾಗುತ್ತಿತ್ತು.

"ಸರಿ, ಮಾಡು," ಎಂದು ಮತ್ತೆ ನೂಲು ಸುತ್ತತೊಡಗಿದಳು. "ಉಳಿದದ್ದು ಅವರೇ ನೋಡ್ಕೋತಾರೆ."

ಬಿಸಿಲಲ್ಲಿ ನಡೆದು ಬರುತ್ತಿದ್ದರೂ ವಾರ್ತೆಯ ಬೆನ್ನು ತಣ್ಣಗಾಗಿತ್ತು. ಐಸ್ ಸಾಹುಕಾರರ ನೆರಳು ಬಿದ್ದಿರಬೇಕು ಎಂದುಕೊಂಡ.

ಉಪಾಯ ಹೇಳಿದವಳು ಹೆಂಡತಿ. "ಮುಖ ಇಲ್ಲದಿದ್ರೆ ಬೆನ್ನು ತೋರಿಸಿ. ನಮ್ಮ ಮಾವ ಎತ್ತರ ಇದ್ದಾರಲ್ಲ! ಹಿಂದಿನಿಂದ ಯಾರು ನೋಡಿದ್ರೂ ಅಜ್ಜನೇ ಅನ್ನಬೇಕು."

ಈ ಸೋದರಮಾವ ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಕೆಲಸ ಬಿಟ್ಟರೂ ಕೆಲಸ ಅವನನ್ನು ಬಿಟ್ಟಿರಲಿಲ್ಲ. ಊಟಕ್ಕೆ ಕೂರುವಾಗಲೂ ಒಂದು ಕೈ ಮೇಲೆತ್ತಿ ಏನನ್ನೋ ಹಿಡಿದುಕೊಂಡೇ ಕೂರುತ್ತಿದ್ದ. ಮಾರನೆಯ ದಿನ ಅವನನ್ನು ಕುರ್ಚಿಯ ಮೇಲೆ ಬೆನ್ನು ತಿರುಗಿಸಿ ಕೂರಿಸಿದರು. ಕ್ಯಾಮೆರಾದವನು ಕಪಾಟಿನ ತಳದಿಂದ ಕೈಗೆ ಸಿಕ್ಕ ಟೇಪೊಂದನ್ನು ತೆಗೆದು, ಉಫ್ ಎಂದು ಊದಿ ಹಾಕಿದ. ಅವನು ಡ್ರೈವಿಂಗ್ ಅಮ್ಮನ ಕಾಲದಲ್ಲಿ ಬಂದವನು. ಒಂದು ಕಿವಿ ಮಂದ. ಯಂತ್ರ ಕೆಟ್ಟರೆ ಅವನು ಕಂಡುಹಿಡಿಯುತ್ತಿದ್ದ ಕಾರಣ ಒಂದೇ: "ಹಿಟ್ಟು ಹೋಗಿದೆ."

"ಮಾವ, ಮೆಲ್ಲಗೆ ಹೇಳಿ: ಮಗೂ, ಈ ಕುರ್ಚಿ ಇನ್ನು ನಿಂದೇ," ಎಂದು ವಾರ್ತೆ ಹೇಳಿಕೊಟ್ಟ.

ಮಾವ ಎದೆಯುಬ್ಬಿಸಿ, "ಈ ಕುರ್ಚಿ ನಿಂದೇ! ಒಳಗೆ ಸರಿದು ಕೂತ್ಕೋ, ಇನ್ನೊಬ್ಬರಿಗೆ ಜಾಗ ಇದೆ!" ಎಂದ.

"ಇನ್ನೊಬ್ಬರು ಯಾರೂ ಇಲ್ಲ ಮಾವ."

"ಇರ್ತಾರೆ ಅಳಿಯ. ಯಾವಾಗ್ಲೂ ಒಬ್ಬರು ಇರ್ತಾರೆ. ಇಷ್ಟು ವರ್ಷ ನೋಡಿದ್ದೀನಿ."

ಎಷ್ಟು ಸಲ ಹೇಳಿಸಿದರೂ ಮಾವನಿಗೆ ಆ ಮಾತು ಸರಿಯಾಗಿ ಬರಲಿಲ್ಲ. ಕೊನೆಗೆ ಕೆಮ್ಮು ಹತ್ತಿತು. ಹೇಳದಿದ್ದರೂ ಪರವಾಗಿಲ್ಲ, ಬೆನ್ನು ಸಾಕು, ಮಾತು ಆಮೇಲೆ ನಾನೇ ಸೇರಿಸುತ್ತೇನೆ ಎಂದು ವಾರ್ತೆ ಕೈಮುಗಿದ. ಸೇರಿಸಲು ಮರೆತ. ಮರೆಯುವುದು ಅವನ ಮಟ್ಟಿಗೆ ಹೊಸದಲ್ಲ. ಅಂದು ಹಸುವನ್ನು ಕಟ್ಟುವುದನ್ನೂ ಹೀಗೆಯೇ ಮರೆತಿದ್ದ.

ಚರಿತ್ರೆ ಪ್ರಸಾರವಾಗುವ ಸಂಜೆ ಬಂತು. ಗಿರಣಿ ನಿಂತಿತ್ತು. ಊರಿಗೆ ದೀಪ ಹತ್ತಿತ್ತು. ಮೇಲಿನ ಕೋಣೆಯಲ್ಲಿ ಸಾಹುಕಾರರು, ಬಾಮೈದ, ಕ್ಯಾಮೆರಾದವನು ಮೂಲೆಯ ಚಿಕ್ಕ ಟೀವಿಯ ಮುಂದೆ ಕೂತಿದ್ದರು. ವಾರ್ತೆ ಮಾತ್ರ ಗೋಡೆಗೆ ಒರಗಿ ನಿಂತಿದ್ದ. ಖಾಲಿ ಕುರ್ಚಿ ಹಳದಿ ಗೋಡೆಯ ಮುಂದೆ ಇತ್ತು.

ಮೊದಲು ವಾರ್ತೆಯ ದನಿಯಲ್ಲಿ ಪೀಠಿಕೆ. ಸಾಹುಕಾರರು ತಲೆದೂಗಿದರು. ಆಮೇಲೆ ತೆರೆಯ ಮೇಲೆ ಕುರ್ಚಿ, ಕುರ್ಚಿಯಲ್ಲಿ ಎತ್ತರದ ಬೆನ್ನು. ಬೆನ್ನು ಕೆಮ್ಮಿತು.

"ಭೇಷ್," ಎಂದರು ಸಾಹುಕಾರರು. "ಯಾರ್ರೀ ಅದು?"

"ಅಜ್ಜ ಸಾರ್," ಎಂದ ವಾರ್ತೆ, ನೆಲ ನೋಡುತ್ತ.

ಆಗ ತೆರೆ ಒಮ್ಮೆ ಅದುರಿತು. ಹಿಂದಿನ ಹಳದಿ ಗೋಡೆ, ನೀರಿಗೆ ಮಸಿ ಬಿದ್ದ ಹಾಗೆ, ಮೂಲೆಯಿಂದ ಮೆಲ್ಲಗೆ ನೀಲಿಯಾಗುತ್ತ ಬಂತು. ಕುರ್ಚಿ ಕಿರ್ರೆಂದಿತು. ಆ ಸದ್ದು ಟೀವಿಯಿಂದ ಬಂತೋ ಕೋಣೆಯಿಂದ ಬಂತೋ ಯಾರಿಗೂ ಹೇಳಲಾಗಲಿಲ್ಲ. ತೆರೆಯ ಮೇಲಿನ ಬೆನ್ನು ನಿಧಾನವಾಗಿ ತಿರುಗಿತು.

ಮಾವನಲ್ಲ. ಕಿವಿಯ ಹಿಂದೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿದ್ದ ಮುದುಕ. ಮೀಸೆ ಎಡಗಡೆ ದಪ್ಪಗಿತ್ತು. ಬಲಗಡೆಯದನ್ನು ಬೆಸುಗೆಯ ಸಲಾಕೆ ಎಂದೋ ಸುಟ್ಟುಹಾಕಿತ್ತು. ಗಿರಣಿಯವನೂ ಕ್ಷೌರದವನೂ ಇಬ್ಬರೂ ನಿಜವನ್ನೇ ಹೇಳಿದ್ದರು. ಹೀಗೆ ಇಬ್ಬರು ನಿಜ ಹೇಳುವುದು ಆ ಬೀದಿಯಲ್ಲಿ ಅದೇ ಮೊದಲು.

ಮುದುಕ ಮುಂದಕ್ಕೆ ಬಾಗಿ ಕೇಳಿದ: "ಕಾಣಿಸ್ತಿದ್ದೀನಾ?"

ಸಾಹುಕಾರರು ಟೀವಿಯಿಂದ ಹಿಂದಕ್ಕೆ ಸರಿದು ಕೂತರು.

"ಕಾಣಿಸಿದ್ರೆ ಮನೆ ದೀಪ ಒಂದ್ಸಲ ಆರಿಸಿ ಹಚ್ಚಿ ನೋಡೋಣ."

ಹೇಳಿ, ಅವನು ಕಿಟಕಿಯ ಕಡೆ ಕತ್ತು ಹೊರಳಿಸಿದ. ಅವನ ಜೊತೆಗೆ ಕೋಣೆಯಲ್ಲಿದ್ದವರೆಲ್ಲ ಕತ್ತು ಹೊರಳಿಸಿದರು. ಕಿಟಕಿಯ ಹೊರಗೆ ಗಿರಣಿ ಬೀದಿಯ ದೀಪಗಳು ಒಂದೊಂದಾಗಿ ಆರಿದವು, ಒಂದೊಂದಾಗಿ ಹತ್ತಿದವು.

"ಹಾಂ. ಗಿರಣಿ ಬೀದಿ ಆಯ್ತು. ಕೆರೆ ಕಡೆಯೋರು?"

ಕೆರೆಯ ಕಡೆ ದೀಪಗಳು ಆರಿದವು, ಹತ್ತಿದವು.

"ಗುಡ್ಡದ ಮೇಲಿನೋರು? ನಿಮಗೆ ಯಾವಾಗ್ಲೂ ಸ್ವಲ್ಪ ಮಸುಕು. ಆದ್ರೂ ನೋಡಿ."

ಗುಡ್ಡದ ಮೇಲೆ ಒಂದು ದೀಪ, ಅನುಮಾನದಿಂದಲೋ ಎಂಬಂತೆ, ಆರಿ ಹತ್ತಿತು.

ಈ ಊರಲ್ಲಿ ಹಿಂದೆ ದಿನವೂ ನಡೆಯುತ್ತಿದ್ದದ್ದು ಇಷ್ಟೇ. ಚಿತ್ರ ಎಲ್ಲಿಯವರೆಗೆ ಮುಟ್ಟಿದೆ ಎಂದು ತಿಳಿಯಲು ಅಜ್ಜನ ಬಳಿ ಬೇರೆ ಯಂತ್ರವಿರಲಿಲ್ಲ, ಊರನ್ನೇ ಕೇಳುತ್ತಿದ್ದ. ಎಷ್ಟು ಜನ ನೋಡುವುದಿಲ್ಲ ಎನ್ನುವುದು ಜಾಹೀರಾತಿನವರಿಗೆ ಕಿಟಕಿಯಿಂದಲೇ ಗೊತ್ತಾಗುತ್ತದೆಂದು ಇಟ್ಟಿಗೆಯವನು ಬಂದ ಕೂಡಲೇ ಇದನ್ನು ನಿಲ್ಲಿಸಿದ. ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಯಾರಿಗೂ ಹೇಳುವುದಿಲ್ಲವಾದ್ದರಿಂದ ಆಚೆ ಹಳ್ಳಿಯ ವಾರ್ತೆಗೆ ಇದು ತಿಳಿದಿರಲಿಲ್ಲ. ಅವನ ಕಣ್ಣಿಗೆ ಕಂಡದ್ದು ಇಷ್ಟು: ಸತ್ತವನೊಬ್ಬ ಅಪ್ಪಣೆ ಕೊಟ್ಟ, ಊರಿಗೆ ಊರೇ ಕಣ್ಣು ಮಿಟುಕಿಸಿತು.

"ಸರಿ," ಎಂದ ತೆರೆಯ ಮೇಲಿನ ಮುದುಕ, ದನಿ ಇಳಿಸಿ. "ನಮ್ಮನೇದು?"

ಬೀದಿಯಾಚೆ ಅಜ್ಜಿಯ ಮನೆಯ ದೀಪ ಆರಿತು. ಬಹಳ ಹೊತ್ತು ಕತ್ತಲೆಯಿತ್ತು. ಆಮೇಲೆ ಹತ್ತಿತು.

"ಬಂದೆ, ಬಂದೆ," ಎಂದು ಮುದುಕ ನಕ್ಕ.

ಐಸ್ ಸಾಹುಕಾರರು ತಮ್ಮ ಕಾರ್ಖಾನೆಯ ಸರಕಿನ ಹಾಗೆಯೇ ಕೂತಲ್ಲಿ ನೀರಾಗತೊಡಗಿದ್ದರು. ಬಾಮೈದನ ಕೈಯಿಂದ ಬಾಚಣಿಗೆ ಬಿತ್ತು. ವಾರ್ತೆ ಗೋಡೆ ಸವರಿಕೊಂಡು ಒಂದೊಂದೇ ಹೆಜ್ಜೆ ಹಿಂದೆ ಸರಿದು ಬಾಗಿಲಿಗೆ ಬಂದಿದ್ದ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಮೆಟ್ಟಿಲು.

ತೆರೆಯ ಮೇಲಿನ ಮುದುಕ ನೆಟ್ಟಗೆ ಬಾಗಿಲ ಕಡೆ ತಿರುಗಿದ.

"ಯಾರಪ್ಪಾ ಅದು, ಬಾಗಿಲಲ್ಲೇ ನಿಂತೆ? ಬಾ, ಒಳಗೆ ಬಾ. ಕೂತ್ಕೋ. ಈ ಕುರ್ಚಿ ಇನ್ನು ನಿಂದೇ."

ತೆರೆ ಬೆಳ್ಳಗಾಗಿ ಚರಚರ ಎಂದಿತು.

ಮೊದಲು ಎದ್ದವನು ಬಾಮೈದ. ವಾರ್ತೆಯನ್ನು ತಳ್ಳಿಕೊಂಡು ಮೆಟ್ಟಿಲಿಳಿದು, ಕತ್ತಲಲ್ಲಿ ದಾರಿ ತಪ್ಪಿ ಗಿರಣಿಯ ಹಿಟ್ಟಿನ ರಾಶಿಗೆ ಬಿದ್ದು, ಅಡಿಯಿಂದ ಮುಡಿಯವರೆಗೆ ಬೆಳ್ಳಗಾಗಿ ಬೀದಿಗೆ ಓಡಿಬಂದ. ಆಗಷ್ಟೇ ಅಜ್ಜನನ್ನು ನೋಡಿ ಬಾಗಿಲಿಗೆ ಬಂದು ನಿಂತಿದ್ದ ಬೀದಿಯವರು ಕಿಟಾರನೆ ಕಿರುಚಿ ಒಳಗೆ ಹೋಗಿ ಅಗುಳಿ ಹಾಕಿಕೊಂಡರು. ಕ್ಷೌರದವನು ಮಾತ್ರ ಒಳಗಿನಿಂದಲೇ, "ಕೂದಲು ನೋಡಿದ್ರೆ ಗೊತ್ತಾಗಲ್ವಾ, ಅದು ಸಾಹುಕಾರರ ಬಾಮೈದ!" ಎಂದು ಕೂಗಿದ. ಬಾಮೈದ ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಮೇಲೆ ಫೋನು ಹೊಡೆದುಕೊಳ್ಳತೊಡಗಿತು. ವಿದ್ಯುತ್ ಕಚೇರಿಯ ಎಂಜಿನಿಯರು.

"ಊರೆಲ್ಲ ಹೀಗೆ ದೀಪ ಆರಿಸಿ ಹಚ್ಚಿದ್ಯಾಕ್ರೀ? ಇಲ್ಲಿ ನಮ್ಮ ಮೀಟರ್ ಮುಳ್ಳುಗಳೆಲ್ಲ ಕುಣೀತಿವೆ! ಯಾರ್ರೀ ಅಪ್ಪಣೆ ಕೊಟ್ಟಿದ್ದು?"

"ರೇಡಿಯೋ ಅಜ್ಜ ಸಾರ್," ಎಂದ ವಾರ್ತೆ.

"ಅವರು ಈಗ ಎಲ್ಲಿದ್ದಾರೆ?"

ವಾರ್ತೆ ಖಾಲಿ ಕುರ್ಚಿಯ ಕಡೆ ನೋಡಿದ. ಫೋನು ಇಟ್ಟುಬಿಟ್ಟ.

ಅಷ್ಟರಲ್ಲಿ ಮಾವ ಏದುಸಿರು ಬಿಡುತ್ತ ಬಂದ. "ಏನಳಿಯ ಇದು? ಬೆನ್ನು ನಂದು, ಮುಖ ಬೇರೆಯವರದು ಹಾಕಿದ್ದೀಯ! ನಾನು ಅರ್ಧ ದಾರಿಗೇ ಇಳಿಯಬೇಕಾ?"

"ಬೆನ್ನು ಯಾರದು?" ಎಂದು ಸಾಹುಕಾರರು ತಟ್ಟನೆ ತಲೆಯೆತ್ತಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ವಾರ್ತೆ ಬೆನ್ನು ಮುಟ್ಟಿ ನೋಡಿಕೊಂಡ. ಅವನನ್ನು ಉಳಿಸಿದವನು ಕ್ಯಾಮೆರಾದವನು; ಅವನಿಗೆ ಅರ್ಧ ಮಾತು ಕೇಳಿಸಿತ್ತು.

"ಅದು ಹಳೇ ಟೇಪು ಸಾರ್. ಮೇಲೆ ಬರೆದದ್ದು ಮುಗೀತು, ಕೆಳಗಿದ್ದದ್ದು ಎದ್ದು ಬಂತು."

"ಕೆಳಗೆ ಮೊದಲು ಡ್ರೈವಿಂಗ್ ಅಮ್ಮ ಇರಬೇಕು, ಆಮೇಲೆ ಇಟ್ಟಿಗೆಯವನು. ಅವರಿಬ್ಬರನ್ನೂ ದಾಟಿ ಅಜ್ಜ ಹೇಗ್ರೀ ಬಂದ್ರು?"

ಕ್ಯಾಮೆರಾದವನು ಬಹಳ ಯೋಚಿಸಿ, "ಹಿಟ್ಟು ಹೋಗಿದೆ," ಎಂದ.

ಮೆಟ್ಟಿಲ ಮೇಲೆ ಮೆಲ್ಲಗೆ ಹೆಜ್ಜೆಗಳು ಬಂದವು. ಅಜ್ಜಿ. ಕೈಯಲ್ಲಿ ಉಣ್ಣೆಯ ಉಂಡೆ ಹಾಗೆಯೇ ಇತ್ತು. ಒಳಗೆ ಬಂದವಳು ಹಳದಿ ಗೋಡೆಯನ್ನು ಸವರಿ ನೋಡಿದಳು.

ಸಾಹುಕಾರರು ಎದ್ದು ನಿಂತರು. "ಅಮ್ಮಾ, ನೀವೇ ಹೇಳಿ. ಇವರು ಮೊದಲನೇ ದಿನ ಇಲ್ಲಿದ್ರಾ? ಯಜಮಾನರು ಇವರನ್ನ ಕೂರಿಸಿದ್ದು ನಿಜಾನಾ?"

ವಾರ್ತೆ ಕಣ್ಣು ಮುಚ್ಚಿಕೊಂಡ. ಮನಸ್ಸಿನಲ್ಲೇ ಹೆಂಡತಿಗೆ, ಕಸೂತಿಯ ದಿಂಬಿಗೆ, ತಿಂಗಳ ಸಂಬಳಕ್ಕೆ ವಿದಾಯ ಹೇಳಿದ.

"ನನ್ನ ಯಾಕಪ್ಪಾ ಕೇಳ್ತೀಯ?" ಎಂದಳು ಅಜ್ಜಿ. "ಊರೇ ನೋಡ್ತಲ್ಲ. ಅವರೇ ಹೇಳಿದ್ರಲ್ಲ."

ಸಾಹುಕಾರರಿಗೆ ಅಷ್ಟು ಸಾಕಿತ್ತು. ಇಷ್ಟು ಅದ್ಭುತವಾದ ಚರಿತ್ರೆಯ ಕೊನೆಯಲ್ಲಿ ತಾವು ಬರಲಿಲ್ಲ ಎಂಬುದು ಅವರಿಗೆ ಮನೆಗೆ ಹೋಗಿ ಎರಡನೇ ಲೋಟ ನೀರು ಕುಡಿಯುವವರೆಗೆ ನೆನಪಾಗಲಿಲ್ಲ.

ಎಲ್ಲರೂ ಇಳಿದು ಹೋದ ಮೇಲೆ ವಾರ್ತೆ ಅಜ್ಜಿಯ ಕೈ ಹಿಡಿದುಕೊಂಡ. "ಅಜ್ಜೀ, ನಾನು ಸುಳ್ಳು ಹೇಳಿದ್ದೆ. ಆ ಮಾತು ನಾನು ಕಟ್ಟಿದ್ದು. ಅವರು ಹೇಗೆ ಹೇಳಿದ್ರು?"

"ಅದನ್ನ ಅವರು ಎಲ್ಲರಿಗೂ ಹೇಳೋರು ಕಣೋ! ಯಾರು ನಿಂತಿದ್ರೂ ಅವರಿಗೆ ಆಗ್ತಿರಲಿಲ್ಲ. ಬಿಲ್ ವಸೂಲಿಗೆ ಬಂದವನಿಗೂ 'ಕೂತ್ಕೋ, ಕುರ್ಚಿ ಇನ್ನು ನಿಂದೇ' ಅನ್ನೋರು." ಅಜ್ಜಿ ನಕ್ಕಳು. ಆಮೇಲೆ ನಗು ನಿಂತಿತು. "ಆದ್ರೆ ನಿಜವಾಗಿ ಕೂತು ಉಳಿದವನು ನೀನೊಬ್ಬನೇ. ಕೂತ ಮೇಲೆ ಕೆಲಸ ಪೂರ್ತಿ ಮಾಡಬೇಕು. ನಾಳೆಯಿಂದ ದಿನಾ ಕೇಳು. ನಮ್ಮನೇ ದೀಪ ಕೊನೇಲಿ ಹತ್ತೋದು. ಅಲ್ಲೀವರೆಗೂ ಎದ್ದು ಬರಬಾರದು. ಅದು ಹತ್ತಿದ್ರೆ ಊಟ ಸಿದ್ಧ ಅಂತ ಅವರ ಲೆಕ್ಕ."

ಮಾರನೆಯ ಸಂಜೆ ವಾರ್ತೆ ದಿಂಬು ಹಾಕಿಕೊಂಡು ಕುರ್ಚಿಯ ಮೇಲೆ ಕೂತ. "ನಮಸ್ಕಾರ" ಎನ್ನುವಷ್ಟರಲ್ಲಿ ಮನೆಯಿಂದ ಹೆಂಡತಿಯ ಫೋನು.

"ರೀ, ನಿಮ್ಮ ತಲೆ ಕಾಣಿಸ್ತಿಲ್ಲ! ಕತ್ತಿನಿಂದ ಕೆಳಗೆ ಮಾತ್ರ ಬರ್ತಿದೆ. ಪಕ್ಕದ ಮನೆಯೋರು ಹೆದರಿ ಎದ್ದು ಹೋದ್ರು."

ಕ್ಯಾಮೆರಾದವನು ಇಣುಕಿ ನೋಡಿ, ಏನೂ ತೋಚದೆ ದಿಂಬನ್ನು ಎಳೆದುಹಾಕಿದ. ವಾರ್ತೆಯ ಮುಖ ಚೌಕಟ್ಟಿನ ಒಳಗೆ ಅಳತೆ ತೆಗೆದು ಕೂರಿಸಿದ ಹಾಗೆ ಬಂದು ಕೂತಿತು. ಮುಕ್ಕಾಲಿ ಇಳಿದಿತ್ತು. ತುಕ್ಕು ಹಿಡಿದ ತಿರುಪಿನ ಸುತ್ತ ಕಬ್ಬಿಣ ಹೊಸದಾಗಿ ಹೊಳೆಯುತ್ತಿತ್ತು.

"ನೀನಾ ಇಳಿಸಿದ್ದು?" ಎಂದು ವಾರ್ತೆ ಪಿಸುಗುಟ್ಟಿದ.

ಕ್ಯಾಮೆರಾದವನು ಇಲ್ಲವೆಂದು ತಲೆಯಾಡಿಸಿದ. ಹಿಟ್ಟಿನ ಮಾತು ಎತ್ತಲಿಲ್ಲ. ಮೂಲೆಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತ.

ಎದ್ದು ಓಡಬೇಕೆನಿಸಿತು ವಾರ್ತೆಗೆ. ಆದರೆ ಊರೆಲ್ಲ ನೋಡುತ್ತಿತ್ತು. ಕೇಳಿ ಪಡೆದ ಕುರ್ಚಿ, ಸುಳ್ಳು ಹೇಳಿ ಪಡೆದ ಕುರ್ಚಿ. ಅವನಿಗೆ ಅದರಿಂದ ಏಳಲು ಒಂದು ನೆಪವೂ ಉಳಿದಿರಲಿಲ್ಲ.

"ಕಾಣಿಸ್ತಿದ್ದೀನಾ?" ಎಂದ.

ಗಿರಣಿ ಬೀದಿ ಆರಿ ಹತ್ತಿತು. ಕೆರೆಯ ಕಡೆ ಆರಿ ಹತ್ತಿತು. ಗುಡ್ಡದ ಮೇಲೆ ಆ ಒಂಟಿ ದೀಪ. ವಾರ್ತೆ ಕಾದ. ಎಲ್ಲಕ್ಕಿಂತ ಕೊನೆಗೆ ಎದುರಿನ ಮನೆಯಲ್ಲಿ ಅಜ್ಜಿಯ ದೀಪ ಆರಿ, ನಿಧಾನವಾಗಿ ಹತ್ತಿತು. ಮುಗಿಯಿತು ಎಂದು ಅವನು ಉಸಿರು ಬಿಟ್ಟು ಮುಂದಕ್ಕೆ ತಿರುಗಿದ.

ಕ್ಯಾಮೆರಾದ ಹಿಂದೆ ಯಾರೂ ಇರಲಿಲ್ಲ. ಅದರ ಹಣೆಯ ಮೇಲೆ, ಸತ್ತುಹೋಗಿದ್ದ ಆ ಸಣ್ಣ ಕೆಂಪು ದೀಪ ಒಂದು ಸಲ ಹತ್ತಿತು, ಆರಿತು.